ಬುದ್ಧಿ ಬಂದ ದೃಷ್ಟಿಬೊಟ್ಟು

ಕೂಸಿನ ಕೆನ್ನೆಗೆ ಇಡುವ ಕರಿಯ ಬೊಟ್ಟಿಗೆ ಬುದ್ಧಿ ಬಂದರೆ ಏನಾದೀತು?

ಶಿವಲೀಲಾ ಈ ಪ್ರಶ್ನೆ ಕೇಳಿದ ದಿನ ಹುಬ್ಬಳ್ಳಿಯ ಉಸಿರುಗಾವಲು ಕೇಂದ್ರದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳಿಗೆ ಮಾತ್ರ ನಗು ಬಂದಿರಲಿಲ್ಲ. ಸೌದೆ ಒಲೆ ಎಂಬುದು ವಸ್ತುಸಂಗ್ರಹಾಲಯ ಸೇರಿ ಒಂದು ತಲೆಮಾರು ಕಳೆದಿತ್ತು. ಅನ್ನ ಬೇಯುವುದು ಕರೆಂಟಿನಲ್ಲಿ, ನೀರು ಕಾಯುವುದು ಬಿಸಿಲಿನಲ್ಲಿ, ಆಟೋ ಓಡುವುದು ಬ್ಯಾಟರಿಯಲ್ಲಿ. ಆದರೂ ಮನೆಯಲ್ಲಿ ಒಂದು ಕೂಸು ಹುಟ್ಟಿತೆಂದರೆ ಸಾಕು, ಎಲ್ಲಿಂದಲೋ ಒಂದು ಚೀಲ ಇದ್ದಿಲು ಬಂದೇ ಬರುತ್ತಿತ್ತು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿದ ಶೆಗಡಿ, ಕಿಟಕಿಯ ಸಂದಿಗೆ ಹಳೆಯ ಸೀರೆಯ ತುಂಡು, ಬಾಗಿಲ ಬುಡಕ್ಕೆ ಗೋಣಿತಾಟು. ಬಾಣಂತಿಗೆ ಗಾಳಿ ಸೋಕಬಾರದು, ಸೋಕಿದರೆ ಸನ್ನಿ. ಇದು ಸರ್ಕಾರಕ್ಕಿಂತ ಹಳೆಯ ಕಾನೂನು. ಪ್ರತಿ ಚಳಿಗಾಲದಲ್ಲೂ ಅಂಥ ಕೆಲವು ಕೋಣೆಗಳ ಬಾಗಿಲನ್ನು ಒಡೆದು ತೆಗೆಯಬೇಕಾಗುತ್ತಿತ್ತು. ಒಳಗೆ ತಾಯಿ, ಮಗು ಕೆನ್ನೆ ಕೆಂಪಾಗಿ, ನಿದ್ದೆ ಹೋದವರ ಹಾಗೆ ಮಲಗಿರುತ್ತಿದ್ದರು. ಏಳುತ್ತಿರಲಿಲ್ಲ.

ಕೆಂಡ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೆ ಕೆಮ್ಮಿಸಿ ಎಚ್ಚರಿಸುತ್ತದೆ, ಇದಕ್ಕೆ ಅಷ್ಟು ಸೌಜನ್ಯವೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಕೂರುವ ಸೀಟುಗಳಿವೆಯಲ್ಲ, ಅವಕ್ಕೆ ಇದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಪ್ರಯಾಣಿಕ. ಒಮ್ಮೆ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಆಮ್ಲಜನಕ ಪಾಪ, ನಿಲ್ದಾಣದಲ್ಲೇ ಉಳಿಯುತ್ತದೆ. ದೊಡ್ಡವರಿಗೆ ತಲೆನೋವು ಬರುವಷ್ಟು ವಿಷ ಎಳೆಗೂಸಿನ ಜೀವಕ್ಕೇ ಕುತ್ತಾಗಬಹುದು.

ಕೇಂದ್ರದವರು ಮೊದಲು ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಕೊಟ್ಟರು. ವಿಷಗಾಳಿ ಸೇರಿದರೆ ಅದು ಕೂಗುತ್ತಿತ್ತು. 'ಕೂಸು ಬೆಚ್ಚಿ ಬೀಳ್ತೈತಿ' ಎಂದು ಜನ ಅದರ ಬ್ಯಾಟರಿ ತೆಗೆದು ಟಿ.ವಿ. ರಿಮೋಟಿಗೆ ಹಾಕಿಕೊಂಡರು. ಆಮೇಲೆ ಕೂಸಿನ ಅಂಗಾಲಿಗೆ ಒಂದು ಬಿಳಿ ಪಟ್ಟಿ ಬಂತು. ಅತ್ತೆಯಂದಿರು ಅದನ್ನು ಮೊದಲ ಎರೆಯುವ ನೀರಿನಲ್ಲೇ ಕಿತ್ತು ಬಿಸಾಡಿದರು. ಆಗ ಶಿವಲೀಲಾಗೆ ಹೊಳೆದದ್ದು ಇಷ್ಟೇ: ಈ ನಾಡಿನಲ್ಲಿ ಕೂಸಿನ ಮೈಮೇಲಿಂದ ಯಾರೂ ಕೀಳದೆ ಇರುವ ವಸ್ತು ಒಂದೇ, ದೃಷ್ಟಿಬೊಟ್ಟು.

ಹಾಗೆ ಹುಟ್ಟಿತು ಬೊಟ್ಟು. ತೊಗರಿಬೇಳೆಯಷ್ಟು ಅಗಲ, ಕಾಡಿಗೆಯಷ್ಟು ಕಪ್ಪು. ಒಳಗಿನಿಂದ ಹಲವು ಬಣ್ಣದ ಸಣ್ಣ ಬೆಳಕನ್ನು ಚರ್ಮದೊಳಗೆ ಹಾಯಿಸಿ, ರಕ್ತದಲ್ಲಿ ಎಷ್ಟು ಸೀಟು ಆಮ್ಲಜನಕದ್ದು, ಎಷ್ಟು ಟವೆಲ್ ಹಾಕಿದವನದು ಎಂದು ಎಣಿಸುತ್ತಿತ್ತು. ಲೆಕ್ಕ ಮಿತಿ ದಾಟಿದರೆ ಬೊಟ್ಟು ಕೆಂಪಾಗುತ್ತಿತ್ತು, ಕೋಣೆಯ ಕಿಟಕಿಗೆ ಕೂರಿಸಿದ ಪುಟ್ಟ ಮೋಟಾರು ಅಗುಳಿ ಸರಿಸಿ ಕದ ತಳ್ಳುತ್ತಿತ್ತು. ಎಲ್ಲವೂ ಹುಬ್ಬಳ್ಳಿಯ ಕೇಂದ್ರದ ಪರದೆಯಲ್ಲಿ ಗೆರೆಯಾಗಿ ಮೂಡುತ್ತಿತ್ತು. ಒಂದೇ ಒಂದು ಮನೆಯವರೂ ಬೊಟ್ಟು ಕೀಳಲಿಲ್ಲ. ನಕ್ಕವರೆಲ್ಲ ಈಗ ಚಪ್ಪಾಳೆ ತಟ್ಟಿದರು.

ಊರಿಗೆಲ್ಲ ಬೊಟ್ಟಿಟ್ಟವಳಿಗೆ ಸ್ವಂತ ಮನೆಯಲ್ಲಿ ಮಾತ್ರ ಹಿತ್ತಲ ಗಿಡದ ಪಾಡು. ತಂಗಿ ದಾಕ್ಷಾಯಣಿ ಹೆರಿಗೆಗೆ ನರಗುಂದದ ತವರಿಗೆ ಬಂದಿದ್ದಳು, ಹೆಣ್ಣುಕೂಸು. ಶಿವಲೀಲಾ ರಜೆ ಹಾಕಿ ಹೋದಾಗ ತಾಯಿ ನೀಲಗಂಗವ್ವ ಹೊರಸಿನ ಕೆಳಗೆ ಶೆಗಡಿ ಸರಿಸುತ್ತಿದ್ದಳು.

"ಯವ್ವಾ, ಕೆಂಡ ಬ್ಯಾಡ. ಕರೆಂಟಿನ ಹೀಟರ್ ತಂದೀನಿ, ಇದನ್ನ ಇಡು."

"ಕರೆಂಟಿನ ಕಾವು ಎಲುಬಿಗೆ ಇಳಿಯಂಗಿಲ್ಲವಾ. ನಿನ್ನ ಹಡದಾಗ ನಾನೂ ಕೆಂಡದ ಮ್ಯಾಲೇ ಮಲಗೀನಿ. ನಿನಗೇನ ಕಮ್ಮಿ ಆಗೇತಿ?"

"ಕಮ್ಮಿ ಆದೋರು ಬಂದು ಹೇಳಂಗಿಲ್ಲ ಯವ್ವಾ."

"ಬಾಣಂತಿ ಕೋಣ್ಯಾಗ ಇಂಥಾ ಮಾತ ಆಡ್ತಾರೇನು? ಬಾಯಿ ತೊಳಕೋ ಹೋಗು."

ಹೊರಸಿನ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು ಬೆವರುತ್ತಿದ್ದ ದಾಕ್ಷಾಯಣಿ ಅಕ್ಕನತ್ತ ನೋಡಿ ಕಣ್ಣಲ್ಲೇ ಕೈಮುಗಿದಳು. ಸುಮ್ಮನಿರು, ಇನ್ನೆಷ್ಟು ದಿನ ಎಂಬಂತೆ. ಶಿವಲೀಲಾ ಸೋತು, ಕಿಟಕಿಗೆ ಮೋಟಾರಿನ ಪೆಟ್ಟಿಗೆ ಕೂರಿಸಿ, ಚೀಲದಿಂದ ಬೊಟ್ಟು ತೆಗೆದು ಕೂಸಿನ ಕೆನ್ನೆಗೆ ಅಂಟಿಸಿದಳು. ನೀಲಗಂಗವ್ವನ ಮುಖ ಅರಳಿತು.

"ಇದೊಂದು ಮಾತ್ರ ಛಲೋ ಮಾಡೀರಿ ನೋಡು. ಕಾಡಿಗಿಯಾದ್ರ ಒರಸಿ ಹೋಗತಿತ್ತು."

ಶಿವಲೀಲಾ ಅವ್ವನಿಗೆ ಎಲ್ಲವನ್ನೂ ವಿವರಿಸಿದಳು: ವಿಷಗಾಳಿ, ರಕ್ತ, ಕೆಂಪು ಬಣ್ಣ, ಕಿಟಕಿ. ನೀಲಗಂಗವ್ವ ಬೆಳ್ಳುಳ್ಳಿ ಸುಲಿಯುತ್ತ ಹ್ಞೂಂ ಹ್ಞೂಂ ಎಂದಳು. ಶಿವಲೀಲಾ ಆ ಹ್ಞೂಂಕಾರವನ್ನು ಅರ್ಥವಾಯಿತು ಎಂದೇ ತಿಳಿದಳು. ದೊಡ್ಡ ಸಭೆಗಳಲ್ಲಿ ಮಾತಾಡಿ ಮಾತಾಡಿ, ತಲೆ ಆಡಿಸಿದವರೆಲ್ಲ ಕೇಳಿಸಿಕೊಂಡರು ಎಂದು ನಂಬುವ ರೋಗ ಅವಳಿಗೂ ಅಂಟಿತ್ತು.

ಮುಂದಿನ ವಾರ ಬೆಂಗಳೂರಿನಿಂದ ಇಲಾಖೆಯ ಕಾರ್ಯದರ್ಶಿಗಳು ಬರುವವರಿದ್ದರು. ಅವರು ಒಪ್ಪಿದರೆ ಬೊಟ್ಟು ಇಡೀ ರಾಜ್ಯಕ್ಕೆ ಹೋಗುತ್ತಿತ್ತು. ಆ ಬೆಳಿಗ್ಗೆ ಕೇಂದ್ರದಲ್ಲಿ ಹಬ್ಬದ ಕಳೆ. ಶಿವಲೀಲಾ ಮಾತ್ರ ಪರದೆಗಳ ಮುಂದೆ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಅವಳ ನಿದ್ದೆಗೆಡಿಸಿದ್ದು ಒಂದು ಗೆರೆ. ಮನೆಯೊಂದರಲ್ಲಿ ವಿಷ ಏರಿ, ಬೊಟ್ಟು ಕೆಂಪಾಗಿ, ಕಿಟಕಿ ತೆರೆದ ಮೇಲೆ ಗೆರೆ ಇಳಿಯಬೇಕು. ಹೆಚ್ಚಿನ ಮನೆಗಳಲ್ಲಿ ಇಳಿಯುತ್ತಿತ್ತು. ಆದರೆ ಕೆಲವು ಮನೆಗಳಲ್ಲಿ ಅದು ಒಂದಿಷ್ಟು ತಡವರಿಸಿ, ಮತ್ತೆ ಮೊದಲಿಗಿಂತ ಎತ್ತರಕ್ಕೆ ಏರುತ್ತಿತ್ತು. ಒಂದು ಗುಡ್ಡದ ಹಿಂದೆ ಇನ್ನೊಂದು ದೊಡ್ಡ ಗುಡ್ಡ.

"ಬೊಟ್ಟಿನ ದೋಷ ಅದು ಮೇಡಂ," ಎಂದ ಮೆಹಬೂಬ್ ನದಾಫ್. ಕೇಂದ್ರದ ಲೆಕ್ಕವನ್ನೆಲ್ಲ ನಡೆಸುವ ತಂತ್ರಾಂಶ ಅವನದೇ. "ಕಿಟಕಿ ತೆರೆದ ಮ್ಯಾಲ ಗಾಳಿ ಮತ್ತ ಹೆಂಗ ಕೆಡತೈತ್ರಿ? ಕೂಸು ಬೆವತು ಅಂಟು ಸಡಲಾಗಿರತೈತಿ, ತಪ್ಪು ಲೆಕ್ಕ ಕೊಡತೈತಿ. ಅದಕ್ಕ ಅಲ್ರಿ, ಎರಡನೇ ಗುಡ್ಡ ಬಂದ್ರ ಲೆಕ್ಕಕ್ಕ ಹಿಡಿಯಬ್ಯಾಡ ಅಂತ ಬರದದ್ದು? ನೀವೂ ಒಪ್ಪಿದ್ರಿ."

"ಒಪ್ಪಿದ್ದೆ."

"ಇಲ್ಲಾಂದ್ರ ಸುಳ್ಳು ಸುಳ್ಳು ಅಂಬುಲೆನ್ಸ್ ಓಡ್ಸಿ ಜನರ ಕಡೆ ಬೈಸಿಕೋಬೇಕಾಗತಿತ್ತು."

"ಎಲ್ಲಾ ಮನ್ಯಾಗೂ ಅಂಟು ಒಂದೇ ನಮೂನಿ ಸಡಲಾಗತೈತೇನು ನದಾಫ್? ಅದೂ ಕೆಂಪಾದ ಮ್ಯಾಲೇ?"

ನದಾಫ್ ಗಡ್ಡ ಕೆರೆದುಕೊಂಡ. ಅಷ್ಟರಲ್ಲಿ ಕಾರ್ಯದರ್ಶಿಗಳ ಕಾರು ಬಂತು. ಹಾರ, ಚಹಾ, ಗೋಡೆಯ ಮೇಲಿನ ನಕ್ಷೆ. ಶಿವಲೀಲಾ ನಗುತ್ತ ವಿವರಿಸಿದಳು, ಕಣ್ಣು ಮಾತ್ರ ಆ ಗೆರೆಯ ಮೇಲಿತ್ತು. ಕಾರ್ಯದರ್ಶಿಗಳು ಬಿಸ್ಕತ್ತು ಚಹಾದಲ್ಲಿ ಅದ್ದುವ ಹೊತ್ತಿಗೆ ಹೊರಗಿನ ಪಡಸಾಲೆಗೆ ಬಂದು ಮನೆಗೆ ಫೋನ್ ಹಚ್ಚಿದಳು. ಕಾರಣವೇನೂ ಇರಲಿಲ್ಲ. ಮನಸ್ಸು ಎಲ್ಲಿಯೂ ನಿಲ್ಲದಾಗ ಅವ್ವನ ದನಿ ಕೇಳಬೇಕೆನಿಸುವುದು ಅವಳ ಅಭ್ಯಾಸ.

"ಹ್ಞಾಂ... ಶಿವಲೀ... ಹೇಳವಾ."

"ಯಾಕ ಯವ್ವಾ, ದನಿ ಹಿಂಗೈತಿ?"

"ತಲಿ ಸಿಡಿಯಾಕತ್ತೈತಿ. ಥಂಡಿ ಆಗಿರಬೇಕು, ಬಿಡು. ಅದಿರಲಿ, ನಿನ್ನ ಬೊಟ್ಟು ಭಾರಿ ಐತಿ ನೋಡವಾ! ಕೂಸಿಗೆ ಎರದು, ಲೋಬಾನ ಹಾಕಿ ಮಲಗಿಸಿದ್ದೆ. ಆ ಓಣಿ ತುದಿ ಮನಿ ಗುರುಬಾಯಿ ಬಂದು, ಕೂಸು ಏನ್ ಬಣ್ಣ ಬಂದೈತ್ರಿ ಅಂದ್ಲು. ಆಕಿ ಹೊಸ್ತಿಲಾ ದಾಟೂದರಾಗ ಬೊಟ್ಟು ಕೆಂಪಗ ಆಗಿಬಿಡ್ತು! ಆಕೀ ಕಣ್ಣು ಎಂಥಾದ್ದು ಅಂತ ನನಗ ಮೊದಲಿಂದ ಗೊತ್ತಿತ್ತು."

ಶಿವಲೀಲಾ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಕೆಂಪಾದ ಮ್ಯಾಲ ಏನ್ ಮಾಡಿದಿ ಯವ್ವಾ?"

"ಇನ್ನೇನ ಮಾಡ್ಲಿ, ದಿಷ್ಟಿ ತಗದೆ. ಉಪ್ಪು, ಸಾಸಿವಿ, ಒಣಮೆಣಸಿನಕಾಯಿ ನಿವಾಳಿಸಿ ಶೆಗಡ್ಯಾಗ ಹಾಕಿದೆ. ಎಷ್ಟ ದಿಷ್ಟಿ ಆಗಿತ್ತಂದ್ರ ಒಂದಿಷ್ಟೂ ಘಾಟು ಬರಲಿಲ್ಲ! ಬೊಟ್ಟು ಇನ್ನೂ ಕೆಂಪಗೇ ಇತ್ತು. ಅದಕ್ಕ ಇದ್ದಿಲಾ ಜಾಸ್ತಿ ಸುರುವಿ ಮತ್ತೊಮ್ಮೆ ತಗದೆ."

"ಕಿಟಕಿ?"

"ಅದೊಂದು ತನ್ನಷ್ಟಕ್ಕ ತಾನು ತೆರಿಯಾಕ ನಿಂತಿತ್ತು. ಸೀರಿ ಅಂಚು ಹರದು ಸರಳಿಗೆ ಬಿಗದು ಕಟ್ಟೀನಿ. ದಿಷ್ಟಿ ತಗಿಯುವಾಗ ಕಿಟಕಿ ತೆರದ್ರ ನಡಿತೈತೇನು?"

"ಕೂಸು ಯವ್ವಾ? ಕೂಸು?"

"ಅಬ್ಬಾ, ಏನ್ ನಿದ್ದಿ ಅಂತಿ! ದಿಷ್ಟಿ ಇಳದ ಮ್ಯಾಲ ಹಿಂಗೇ ಮಲಗತಾವು. ಹಾಲಿನ ಹೊತ್ತಾತು, ಎಬ್ಬಿಸಿದ್ರೂ ಏಳವಲ್ತು. ದಾಕ್ಷೀನೂ ಮಲಗ್ಯಾಳ."

ಎರಡನೇ ಗುಡ್ಡ ಎಲ್ಲಿಂದ ಹುಟ್ಟುತ್ತದೆಂದು ಶಿವಲೀಲಾಗೆ ಆ ಕ್ಷಣದಲ್ಲಿ ತಿಳಿಯಿತು. ಮೊದಲ ಗುಡ್ಡ ಕೆಂಡದ್ದು. ಎರಡನೆಯದು ಅಕ್ಕರೆಯದು. ಬೊಟ್ಟನ್ನು ದೃಷ್ಟಿಬೊಟ್ಟಿನ ವೇಷದಲ್ಲಿ ಒಳಗೆ ಕಳಿಸಿದವಳು ತಾನೇ. ಜನ ಅದನ್ನು ದೃಷ್ಟಿಬೊಟ್ಟು ಎಂದೇ ನಂಬಿದರು. ಬೊಟ್ಟು ಕೆಂಪಾದಾಗಲೆಲ್ಲ ಕಿಟಕಿ ಬಿಗಿದು, ಕೆಂಡ ಹೆಚ್ಚಿಸಿ, ದೃಷ್ಟಿ ತೆಗೆದರು. ವಿಷ ಏರಿ ಕೂಸು ಜೋಲುಬಿದ್ದಾಗ, ದೃಷ್ಟಿ ಇಳಿಯಿತು ಎಂದು ಕೈಮುಗಿದರು. ಮೋಟಾರು ತನ್ನ ಅಗುಳಿ ಸರಿಸಿದೆ ಎಂದಷ್ಟೇ ಕೇಂದ್ರಕ್ಕೆ ಹೇಳುತ್ತಿತ್ತು. ಸೀರೆಯ ಅಂಚಿನ ಗಂಟು ಅದಕ್ಕೆ ಕಾಣುತ್ತಿರಲಿಲ್ಲ.

"ಯವ್ವಾ, ಅದು ದಿಷ್ಟಿ ಅಲ್ಲ, ಕೆಂಡದ ವಿಷಗಾಳಿ! ನಿನಗೂ ಹತ್ತೇತಿ, ಅದಕ್ಕೇ ತಲಿ ಸಿಡಿಯಾಕತ್ತೈತಿ. ಏಳು, ಬಾಗಲಾ ತೆರಿ!"

"ಬಾಣಂತಿಗೆ ಗಾಳಿ ಹೊಕ್ರ ಸನ್ನಿ ಆಗತೈತಿ," ನೀಲಗಂಗವ್ವನ ಮಾತು ತೊದಲುತ್ತಿತ್ತು. "ಎಷ್ಟ ಬಾಣಂತನ ಮಾಡೀನಿ ನಾ... ನೀ ನನಗ ಕಲಸ್ತಿ... ಒಂದೀಟು ಅಡ್ಡಾಗತೀನಿ ತಡಿ. ಆಮ್ಯಾಲ ಮಾತಾಡೂಣು."

"ಮಲಗಬ್ಯಾಡ! ಯವ್ವಾ, ಮಲಗಬ್ಯಾಡ!"

ಶಿವಲೀಲಾಳ ಕೂಗಿಗೆ ಪಡಸಾಲೆಯ ಬಾಗಿಲಲ್ಲಿ ತಲೆಗಳು ಮೂಡಿದವು. ಕಾರ್ಯದರ್ಶಿಗಳೂ ಕಪ್ಪು ಹಿಡಿದುಕೊಂಡೇ ಬಂದು ನಿಂತರು. ಅವಳಿಗೆ ಯಾರೂ ಕಾಣಲಿಲ್ಲ. ವಿಜ್ಞಾನ ಹೇಳಿ ಪ್ರಯೋಜನವಿಲ್ಲ, ಹೊತ್ತಿಲ್ಲ, ಅವ್ವ ಈಗ ಮಲಗಿದರೆ ಮೂರು ಜೀವ ಒಟ್ಟಿಗೇ ಹೋಗುತ್ತವೆ. ಕಣ್ಣು ಮುಚ್ಚಿಕೊಂಡು, ಇಡೀ ಕೇಂದ್ರಕ್ಕೆ ಕೇಳುವ ಹಾಗೆ ಹೇಳಿದಳು:

"ಯವ್ವಾ, ಕೇಳಿಲ್ಲಿ. ಇದು ಸಾದಾ ದಿಷ್ಟಿ ಅಲ್ಲ. ಮಷೀನು ಹೇಳಾಕತ್ತೈತಿ. ಕೋಣ್ಯಾಗ ಕುಂತೈತಿ ಅದು. ಕೂಸನ್ನ ಈಗಿಂದೀಗ ತಲಬಾಗಲಾ ದಾಟಿಸಿ ಬಿಸಲಾಗ ಹಿಡಿದ್ರಷ್ಟೇ ಇಳಿತೈತಿ. ಇಲ್ಲಂದ್ರ ಕೂಸು ದಕ್ಕಂಗಿಲ್ಲ!"

ಆ ಕಡೆ ಹೊರಸು ಕಿರುಗುಟ್ಟಿತು. ಏನೋ ಉರುಳಿ ಬಿತ್ತು. ಬಾಗಿಲ ಅಗುಳಿ ಸದ್ದಾಯಿತು. ಎಷ್ಟು ಉಪನ್ಯಾಸ ಕೊಟ್ಟರೂ ತೆರೆಯದ ಬಾಗಿಲು ಒಂದು ಸುಳ್ಳಿಗೆ ತೆರೆಯಿತು.

ನದಾಫ್ ಅಷ್ಟರಲ್ಲಿ ಅಂಬುಲೆನ್ಸಿಗೆ ಹೇಳಿದ್ದ. ಶಿವಲೀಲಾ ಗುರುಬಾಯಿಗೆ ಫೋನ್ ಹಚ್ಚಿದಳು. ಯಾರ ಕಣ್ಣಿಗೆ ಅವ್ವ ಮೆಣಸಿನಕಾಯಿ ಸುಟ್ಟಿದ್ದಳೋ ಆ ಗುರುಬಾಯಿ ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು. ಮೂಗಿಗೆ ಸೆರಗು ಹಿಡಿದು ಒಳನುಗ್ಗಿ, ಎಚ್ಚರವಿಲ್ಲದ ದಾಕ್ಷಾಯಣಿಯನ್ನು ಕೌದಿ ಸಮೇತ ಅಂಗಳಕ್ಕೆ ಎಳೆದು ತಂದಳು. ಕಟ್ಟೆಯ ಮೇಲೆ ನೀಲಗಂಗವ್ವ ಕೂಸನ್ನು ಬಿಸಿಲಿಗೆ ಎತ್ತಿ ಹಿಡಿದು ಕೂತಿದ್ದಳಂತೆ. ಕೂಸಿನ ಕೈಗಳು ಎರಡೂ ಕಡೆ ಜೋತುಬಿದ್ದಿದ್ದವಂತೆ. ಇದನ್ನೆಲ್ಲ ಗುರುಬಾಯಿ ಫೋನಿನಲ್ಲಿ ಹೇಳುತ್ತಿದ್ದಾಗ ಶಿವಲೀಲಾ ನರಗುಂದದ ದಾರಿಯಲ್ಲಿದ್ದಳು. ಕಾರಿನೊಳಗೆ ಕೂತರೂ ಕಾಲುಗಳು ಓಡುತ್ತಲೇ ಇದ್ದವು.

ಆಸ್ಪತ್ರೆಯಲ್ಲಿ ಕೂಸಿನ ತಲೆಯ ಮೇಲೆ ಗಾಜಿನ ಡಬ್ಬಿಯಂಥ ಒಂದು ಮುಚ್ಚಳ, ಅದರೊಳಗೆ ಶುದ್ಧ ಆಮ್ಲಜನಕ. ಟವೆಲ್ ಹಾಕಿ ಕೂತವನನ್ನು ಎಬ್ಬಿಸಲು ಇರುವ ದಾರಿ ಅದೊಂದೇ: ಆಮ್ಲಜನಕದ ಜಾತ್ರೆಯನ್ನೇ ಬಸ್ಸಿಗೆ ನುಗ್ಗಿಸಿ ಅವನನ್ನು ಹೊರದಬ್ಬುವುದು. ಪಕ್ಕದ ಮಂಚದಲ್ಲಿ ದಾಕ್ಷಾಯಣಿಗೂ ಮುಖವಾಡ. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು, ವಾಂತಿ ಮಾಡಿ, ಕೂಸೆಲ್ಲಿ ಎಂದಳು. ಕೂಸು ಇನ್ನೂ ಅತ್ತಿರಲಿಲ್ಲ.

ನೀಲಗಂಗವ್ವ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಹೇಳುತ್ತಿದ್ದಳು: "ನನ್ನ ಮಗಳ ಮಷೀನು ದಿಷ್ಟಿ ಹಿಡೀತ್ರಿ. ಇಲ್ಲಂದ್ರ ಕೂಸು ಉಳೀತಿರಲಿಲ್ಲ." ಶಿವಲೀಲಾ ಅವಳ ಪಕ್ಕ ಕೂತಳು. ಹಾಗೆಯೇ ಬಿಟ್ಟುಬಿಡಬಹುದಿತ್ತು. ಅವ್ವ ಹೆಮ್ಮೆಯಲ್ಲಿದ್ದಳು, ಜೀವಗಳು ಉಸಿರಾಡುತ್ತಿದ್ದವು. ಆದರೆ ಬಿಟ್ಟರೆ ನಾಳೆ ಅದೇ ಶೆಗಡಿ, ಅದೇ ಕಿಟಕಿ. ಶಿವಲೀಲಾ ವಿಷಗಾಳಿಯ ಮಾತನ್ನು ಮೊದಲಿನಿಂದ ಹೇಳಿದಳು, ತಾನಾಡಿದ ಸುಳ್ಳನ್ನೂ. ಈ ಸಲ ಅವ್ವನ ಕೈಯಲ್ಲಿ ಬೆಳ್ಳುಳ್ಳಿ ಇರಲಿಲ್ಲ, ಹ್ಞೂಂ ಎನ್ನಲೂ ಇಲ್ಲ.

"ಅಂದ್ರ," ಎಂದಳು ನೀಲಗಂಗವ್ವ, "ಕಿಟಕಿ ಕಟ್ಟಿದಾಕಿ ನಾ. ಇದ್ದಿಲಾ ಸುರುವಿದಾಕಿ ನಾ. ಗುರುಬಾಯಿದೇನೂ ಇಲ್ಲ."

"ಬೊಟ್ಟಿಗೆ ಆ ರೂಪ ಕೊಟ್ಟಾಕಿ ನಾ, ಯವ್ವಾ. ನಂದೂ ಐತಿ."

"ನಿಂದು ನೀ ನೋಡ್ಕೋ. ನಂದು ನನಗ ಇರಲಿ." ನೀಲಗಂಗವ್ವ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು. "ನನ್ನಂಗ ದಿಷ್ಟಿ ತಗಿಯೋರು ಎಷ್ಟ ಮಂದಿ ಅದಾರು?"

"ಭಾಳ ಮಂದಿ."

ಆ ಮಾತು ಮುಗಿಯುವ ಮೊದಲೇ ಒಳಗಿನಿಂದ ಒಂದು ಸಣ್ಣ ದನಿ ಬಂತು. ಬೆಕ್ಕಿನ ಮರಿಯದೇ ಇರಬೇಕು ಎನ್ನುವಷ್ಟು ಸಣ್ಣದು. ಆಮೇಲೆ ಇನ್ನೊಂದು. ಆಮೇಲೆ ಗಂಟಲು ಬಿಚ್ಚಿಕೊಂಡು ಅದು ಇಡೀ ಆಸ್ಪತ್ರೆ ಕೇಳುವ ಹಾಗೆ ಅತ್ತಿತು. ಶಿವಲೀಲಾ ಗೋಡೆಗೆ ಮುಖ ಮಾಡಿ ತಾನೂ ಅತ್ತಳು. ಡಾಕ್ಟರ್ ಬಂದು, ಸದ್ಯಕ್ಕೆ ಪಾರು, ಆದರೆ ಇಂಥದರ ಪೆಟ್ಟು ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುತ್ತದೆ, ಕೆಲವು ವಾರ ಗಮನಿಸಬೇಕು ಎಂದರು. ಸಂತೋಷದ ಒಳಗೇ ಒಂದು ಮುಳ್ಳು ಉಳಿಯಿತು.

ಕೇಂದ್ರದಲ್ಲಿ ನದಾಫ್ ಅಂದೇ ತನ್ನ ನಿಯಮವನ್ನು ಕಿತ್ತುಹಾಕಿದ್ದ. ಇನ್ನು ಮೇಲೆ ಎರಡನೇ ಗುಡ್ಡ ಏಳತೊಡಗಿದರೆ ಅಂಬುಲೆನ್ಸ್ ತಾನೇ ಹೊರಡುತ್ತದೆ. ಅವನ ಕಣ್ಣುಗಳು ಕೆಂಪಾಗಿದ್ದವು. "ನಾ ಅದನ್ನ ದೋಷ ಅಂತ ಬರದೆ ಮೇಡಂ, ದೋಷ ಅಂತ," ಎಂದು ಅದನ್ನೇ ಹೇಳುತ್ತಿದ್ದ. ಆದರೆ ಅಂಬುಲೆನ್ಸ್ ಹೋಗುವಷ್ಟರಲ್ಲಿ ಕೆಂಡ ತನ್ನ ಕೆಲಸ ಮುಗಿಸಿರುತ್ತದೆ. ಬೊಟ್ಟು ಕೆಂಪಾದ ಗಳಿಗೆಯಲ್ಲೇ, ಮೆಣಸಿನಕಾಯಿಗೆ ಕೈ ಹೋಗುವ ಮೊದಲೇ, ಆ ಕೈಯನ್ನು ತಡೆಯಬೇಕು. ಕಿಟಕಿಯ ಮೋಟಾರಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಸ್ಪೀಕರ್ ಇತ್ತು, ಕದ ತೆರೆಯುವಾಗ ಟಿಣ್ ಎನ್ನಲು. ಅದರಿಂದ ಮಾತಾಡಿಸಬಹುದು ಎಂದ ನದಾಫ್. ಕಾರ್ಯದರ್ಶಿಗಳ ಕಡೆಯವರು ಒಬ್ಬ ಉದ್ಘೋಷಕಿಯನ್ನು ಕರೆಸಿದರು. 'ಗಮನಿಸಿ, ಇಂಗಾಲದ ಮಾನಾಕ್ಸೈಡಿನ ಪ್ರಮಾಣ ಅಪಾಯದ ಮಟ್ಟವನ್ನು...' ಎಂದು ಆಕೆ ಓದಿದಳು. ರೈಲು ತಡವಾಗಿ ಬರುತ್ತಿದೆ ಎನ್ನುವ ಹಾಗೇ ಕೇಳಿಸಿತು. ದಿಷ್ಟಿ ಎಂದೇ ಹೇಳಿ ಹೊರಗೆ ಕರೆಸೋಣ, ನಿಮ್ಮ ತಾಯಿಯ ವಿಷಯದಲ್ಲಿ ಫಲಿಸಿತಲ್ಲ ಎಂದರು ಇನ್ನೊಬ್ಬರು. ಶಿವಲೀಲಾ ಅದಕ್ಕೂ ಒಪ್ಪಲಿಲ್ಲ. ಸುಳ್ಳು ಒಂದು ಸಲ ಬಾಗಿಲು ತೆರೆಸೀತು, ಆದರೆ ಮರುದಿನ ಮತ್ತೆ ಕೆಂಡ ಹಚ್ಚಿಸುತ್ತದೆ.

ಆ ರಾದ್ಧಾಂತವನ್ನು ಶಿವಲೀಲಾ ಆಸ್ಪತ್ರೆಯಲ್ಲಿದ್ದ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಾಗ, ಅವಳ ಹಿಂದಿನಿಂದ ನೀಲಗಂಗವ್ವನ ದನಿ ಬಂತು. "ನಾ ಹೇಳ್ತೀನಿ. ಮಾಡಿದಾಕಿ ನಾನು, ನಾನೇ ಹೇಳ್ತೀನಿ."

ನದಾಫ್ ಆಸ್ಪತ್ರೆಯ ಬೆಂಚಿಗೇ ಬಂದು ರೆಕಾರ್ಡ್ ಮಾಡಿಕೊಂಡ. ನೀಲಗಂಗವ್ವ ಸೆರಗು ಹೊದ್ದು, ಎದುರು ಯಾರೋ ಕೂತಿರುವಂತೆ ಮಾತಾಡಿದಳು:

"ಯವ್ವಾ, ನಾ ನರಗುಂದದ ನೀಲಗಂಗವ್ವ. ನಿಮ್ಮಂಗ ಬಾಣಂತನ ಮಾಡಾಕಿ. ಬೊಟ್ಟು ಕೆಂಪಾಗೇತಿ, ಹೌದಲ್ಲ? ಅದು ದಿಷ್ಟಿ ಅಲ್ಲ. ಕೆಂಡದ ವಿಷಗಾಳಿ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಗೊತ್ತಾಗಂಗಿಲ್ಲ. ನಾ ದಿಷ್ಟಿ ಅಂತ ತಿಳದು ಕಿಟಕಿ ಕಟ್ಟಿ, ಮತ್ತ ಇದ್ದಿಲಾ ಹಾಕಿದೆ. ನನ್ನ ಕೈಲೇ ನನ್ನ ಮೊಮ್ಮಗಳ ಉಸಿರು ಕಟ್ಟಿಸಿದೆ. ಕೂಸನ್ನ, ಬಾಣಂತೀನ ಮೊದಲ ಹೊರಗ ತರ್ರಿ. ಬಾಗಲಾ ತೆರದೇ ಇರಲಿ. ಕೂಸು ಸುಮ್ಮನ ಮಲಗೇತಿ ಅಂತ ಖುಷಿ ಪಡಬ್ಯಾಡ್ರಿ, ಅಂಬುಲೆನ್ಸಿಗೆ ಫೋನ್ ಹಚ್ರಿ. ಆಮ್ಯಾಲ ನನ್ನ ಬೇಕಾದಷ್ಟ ಬೈರಿ."

ಕಾರ್ಯದರ್ಶಿಗಳು ಕೇಳಿ ಮುಖ ಚಿಕ್ಕದು ಮಾಡಿದರು. ಮೊಮ್ಮಗಳ ಉಸಿರು ಕಟ್ಟಿಸಿದೆ ಎನ್ನುವ ಸಾಲನ್ನು ತೆಗೆದುಬಿಡಿ, ಮನೆಯ ಮರ್ಯಾದೆ ಎಂದು ಸೂಚಿಸಿದರು. ನೀಲಗಂಗವ್ವ ತೆಗೆಯಗೊಡಲಿಲ್ಲ. "ಅದನ್ನ ತಗದ್ರ ಉಳಿದದ್ದು ಯಾಕ ಕೇಳ್ತಾರು?" ಎಂದಳು. ಸಾಲು ಉಳಿಯಿತು.

ಮಾತು ಎಲ್ಲ ಮನೆಗಳ ಪೆಟ್ಟಿಗೆಗೆ ಹೋದ ಮರುದಿನವೇ, ದೂರದ ಯಾವುದೋ ತಾಲೂಕಿನಲ್ಲಿ ಒಂದು ಬೊಟ್ಟು ಕೆಂಪಾಯಿತು. ಶಿವಲೀಲಾ, ನದಾಫ್ ಇಬ್ಬರೂ ಪರದೆಗೆ ಕಣ್ಣು ನೆಟ್ಟು ನಿಂತರು. ಗೆರೆ ಏರಿತು, ನಿಂತಿತು. ಏರುತ್ತದೋ ಇಳಿಯುತ್ತದೋ ಹೇಳುವಂತಿರಲಿಲ್ಲ. ನದಾಫ್ ಉಗುರು ಕಚ್ಚತೊಡಗಿದ. ಶಿವಲೀಲಾ ನೋಡಲಾರದೆ ಬೆನ್ನು ತಿರುಗಿಸಿದಳು. ಆಗ ಸಹಾಯವಾಣಿಯ ಫೋನ್ ಬಡಿದುಕೊಂಡಿತು. ಅವಳೇ ಎತ್ತಿಕೊಂಡಳು.

"ಯಾರದು?" ಮುದುಕಿಯೊಬ್ಬಳ ಗಡುಸು ದನಿ. "ನಮ್ಮ ಕಿಟಕ್ಯಾಗ ಕುಂತು ಮಾತಾಡಿದಾಕಿ ಯಾರು? ಆಕೀನ ಕೊಡು."

"ಆಕಿ ಇಲ್ಲಿಲ್ರಿ ಅಜ್ಜಿ. ನಾ ಆಕೀ ಮಗಳು. ಕೂಸನ್ನ ಹೊರಗ ತಂದ್ರೇನ್ರಿ?"

"ತಂದೀನಿ, ತಂದೀನಿ. ತಾಯಿ ಮಗಳು ಇಬ್ರೂ ಅಂಗಳದಾಗ ಅದಾರು. ಕೆಂಡಕ್ಕ ನೀರು ಹೊಡದೀನಿ. ಗಾಡಿಗೂ ಹೇಳೀವಿ. ಅದಿರಲಿ, ಆಕೀ ಮೊಮ್ಮಗಳು ಹೆಂಗದಾಳ? ಅದನ್ನ ಹೇಳಲೇ ಇಲ್ಲಲ್ಲ ಆಕಿ! ಅರ್ಧಕ್ಕ ಬಿಟ್ರ ನಮ್ಮ ಜೀವ ಏನಾಗಬೇಕು?"

ಶಿವಲೀಲಾ ಪರದೆಯ ಕಡೆ ತಿರುಗಿದಳು.

"ಅಳಾಕತ್ತಾಳ್ರಿ ಅಜ್ಜಿ," ಎಂದಳು. "ಎಚ್ಚರಾದಾಗಿಂದ ಬಿಟ್ಟೂ ಬಿಡದಂಗ ಅಳಾಕತ್ತಾಳ."

"ಅಳ್ಳಿ ಬಿಡು," ಎಂದಳು ಮುದುಕಿ. ಅವಳ ದನಿಯ ಹಿಂದೆ ತೆರೆದ ಅಂಗಳ, ಯಾರದೋ ಕೂಗಾಟ, ಅದೆಲ್ಲದರ ಮೇಲೆ ಒಂದು ಎಳೆಯ ಗಂಟಲು. "ಹೇಳು ಆಕಿಗೆ, ನಮ್ಮದೂ ಅಳಾಕತ್ತೈತಿ ಅಂತ."